ಮೋಡದ ಸಂಕಷ್ಟಿ

॥ ಶ್ರೀ ಗಜಾನನ ಪ್ರಸನ್ನ ॥

ರಾಂಜಣಗಾಂವ
16 ಜನವರಿ 2002

ತಮ್ಮ ದಿಗಂಬರನಿಗೆ ಅಕ್ಕ ರಂಗೂಬಾಯಿ ಮಾಡುವ ಆಶೀರ್ವಾದ. ನಾನು ಆರಾಮ ಇದ್ದೀನಿ. ನೀನು, ಮುಕ್ತಾ, ಮಗ ಸಾತ್ವಿಕ ಎಲ್ಲಾರೂ ಆರಾಮ ಇರಬೇಕು.

ಸಂಕ್ರಮಣದ ಎಳ್ಳು-ಬೆಲ್ಲ ಕಳಿಸೀನಿ. ಇದು ಅಕ್ಕ ಕಳಿಸಿದ್ದು, ಯಾವ ಕೇಸಿನ ಪಕ್ಷಗಾರನದೂ ಅಲ್ಲ, ಹೆದರದೆ ತಿನ್ನು. ಈ ಸಲ ಬೆಲ್ಲ ಕಲ್ಲಾಗಿಲ್ಲ, ಹಲ್ಲು ಉಳೀತಾವ ಅಂತ ಮುಕ್ತಾಗ ಹೇಳು.

ಶಿವಾಜಿನಗರದ ನಿನ್ನ ಸರ್ಕಾರಿ ಮನಿ ಬಿಟ್ಟು ನಾನು ಸಿಟ್ಟಿಲೆ ಬಂದೆ ಅಂತ ನೀ ಇನ್ನೂ ತಿಳಿದಿದ್ದರ ಅದನ್ನ ಬಿಟ್ಟುಬಿಡು. ಆ ಮನುಷ್ಯ ಬಾಗಿಲಿಗೆ ಬಂದು "ಬಾಯಿಯವರ, ಊರ ದೇವರ ಪ್ರಸಾದರಿ" ಅಂತ ತೆಂಗಿನಕಾಯಿ ಕೊಟ್ಟಾಗ, ಅವನ ಕೇಸು ನಿನ್ನ ಮುಂದೇ ಅದ ಅಂತ ನನಗೇನು ಕನಸು ಬಿದ್ದಿತ್ತೇನು? ನೀ ಕೋರ್ಟಿನ ಗುಮಾಸ್ತನ್ನ ಕರೆಸಿ, ಸಾಕ್ಷಿ ನಿಲ್ಲಿಸಿ, ಕಾಯಿ ವಾಪಸ್ ಕಳಿಸಿದಿ. ಪ್ರಸಾದ ಬಂದ ದಾರಿಗೆ ಹೊಳ್ಳಿ ಹೋಗೂದು ನಾ ಹುಟ್ಟಿದಾಗಿಂದ ನೋಡಿರಲಿಲ್ಲ. ಜಡ್ಜನ ಮನ್ಯಾಗ ಬಂದವರಿಗೆಲ್ಲಾ ಬಾಗಿಲು ತೆರೆಯೋ ಹೆಂಗಸು ಇರಬಾರದು ಅಂತ ಆವತ್ತು ತಿಳೀತು. ನಾನೇ ಗಂಟು ಕಟ್ಟಿದೆ. ನೀನೂ ಇರು ಅನ್ನಲಿಲ್ಲ.

ಇಲ್ಲಿ ಬಂದು ವರ್ಷದ ಮ್ಯಾಲಾತು, ಗಣಪತಿ ಗುಡಿ ಹಿಂದ ಒಂದು ಖೋಲಿ. ಮುಂಜಾನೆ ಗುಡಿಗೆ ಗರಿಕೆ ಆರಿಸಿ ಕೊಡ್ತೀನಿ. ಕಣ್ಣಿಗೆ ಪೊರೆ ಬಂದದ, ಗರಿಕೆ ಬೆರಳಿಗೆ ತಿಳೀತದ, ನಡೀತದ. ಕಾಗದ ಬರಿಯೂದೂ ಕೈ ರೂಢಿಲೆ ಆಗ್ತದ, ಓದೂದು ಆಗೂದಿಲ್ಲ. ಕೇಳಿದವರಿಗೆ ನನ್ನ ತಮ್ಮ ಸರ್ಕಾರಿ ನೌಕರಿ ಅಂತ ಅಷ್ಟೇ ಹೇಳೀನಿ, ನೀ ಹೇಳಿದಂಗ.

ಪಕ್ಕದ ಖೋಲಿಯಾಗ ಚಂದಮ್ಮ ಅಂತ, ಯಾದಗಿರಿ ಕಡೆಯಾಕಿ, ಕಾರಖಾನಿ ಕಟ್ಟೋ ಕೆಲಸಕ್ಕ ಬಂದಾಕಿ. ಅಕಿ ಒಬ್ಬನೇ ಮಗ ಒಂದು ಕೇಸಿನಾಗ ಸಿಕ್ಕು ಜೇಲಿನಾಗ ಕೂತಾನ. ಆ ಹುಡುಗ ಮಾಡಿಲ್ಲ ಅಂತ ನನಗ ಗೊತ್ತದ. ನಂಬಿಕಿ ಅಲ್ಲ ದಿಗೂ, ಗೊತ್ತದ. ಇಂಥಾ ಮಾತು ಯಾರ ಮುಂದ ಹೇಳಬೇಕು?

ನಿನ್ನ ಅಕ್ಕ
ರಂಗೂಬಾಯಿ


ಪುಣೆ
28 ಜನವರಿ 2002

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಎಳ್ಳು-ಬೆಲ್ಲ ತಲುಪಿತು. ಸಾತ್ವಿಕ ಡಬ್ಬಿಯನ್ನು ಮೂರು ದಿನ ಉಳಿಯಗೊಡಲಿಲ್ಲ. ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡ.

ನಿನ್ನ ಕೊನೆಯ ಪ್ರಶ್ನೆಗೆ ನಾನು ಉತ್ತರಿಸಲಾರೆ. ಯಾರ ಮಗ, ಯಾವ ಪ್ರಕರಣ ಎಂದು ನೀನು ಬರೆದಿಲ್ಲ. ದಯವಿಟ್ಟು ಬರೆಯಬೇಡ. ನಮ್ಮ ಮನೆಯಲ್ಲಿ ಕೋರ್ಟಿನ ಮಾತು ಯಾವತ್ತೂ ಬಂದಿಲ್ಲ, ಕಾಗದದಲ್ಲೂ ಬರುವುದು ಬೇಡ.

ನಿನ್ನ
ದಿಗಂಬರ


ರಾಂಜಣಗಾಂವ
10 ಮಾರ್ಚ್ 2002

ದಿಗಂಬರಾ,

ನೀ ಬ್ಯಾಡ ಅಂದಿ. ಆದರೂ ಬರೀತೀನಿ. ಗಜಾನನನ ಮುಂದ ಕೂತು ಬರೀತೀನಿ, ಸುಳ್ಳು ಒಂದಕ್ಷರ ಇಲ್ಲ.

ಚಂದಮ್ಮ ನಿನ್ನೆ ಕೋರ್ಟಿನಿಂದ ಬಂದು ಹೊಸ್ತಿಲ ಮ್ಯಾಲೆ ಕೂತಳು. ಅಕಿ ಮಾರಿ ಮ್ಯಾಲೆ ನಗು ನೋಡಿ ಎಷ್ಟು ತಿಂಗಳಾಗಿತ್ತೋ. "ಯವ್ವಾ, ಜಡ್ಜ ಸಾಹೇಬ ನಮ್ಮ ಮಾತು ಮಾತಾಡ್ತಾನ! ನನ್ನ ಭೀಮೂನ್ನ ನೋಡಿ, ಊಟಾ ಮಾಡಿಯೇನಪಾ ಅಂದ. ಭೀಮೂನೇ ಮಾಡಿದ, ನಾ ನೋಡೀನಿ ಅನ್ನೋ ಆ ವಾಚಮನ್‌ಗ ಎರಡೇ ಮಾತು ಕೇಳಿದ, ಅವ ಗಡಗಡ ನಡುಗಿ ನೀರು ಬೇಡಿದ. ಸಾಹೇಬನ ಹೆಸರು ದಿಗಂಬರ ಅಂತ."

ನಾ ರೊಟ್ಟಿ ಬಡಿಯೂದು ನಿಲ್ಲಿಸಿದೆ. ನೀ ನನ್ನ ತಮ್ಮ ಅಂತ ಅಕಿಗೆ ಹೇಳಲಿಲ್ಲ. ಹೇಳಿದ್ದರ ನಿನಗ ಕೊಟ್ಟ ಮಾತು ಮುರೀತಿತ್ತು.

ಈಗ ಕೇಳು. ಕೂಲಿಯವರ ಮ್ಯಾಲಿನ ಮುಕಾದಮ ಶಂಕ್ರೆಪ್ಪನ ಖೂನಿ ಆದದ್ದು ಹೋದ ವರ್ಷ ಗುರುಪೂರ್ಣಿಮಾ ಆದ ಮ್ಯಾಲಿನ ಸಂಕಷ್ಟಿ ದಿವಸ. ಅವನು ಚಂದಮ್ಮಗ ಬೈದಾನ ಅಂತ ಮುಂಜಾನೆ ಭೀಮು ಅವನ ಕೊರಳಪಟ್ಟಿ ಹಿಡಿದದ್ದು ಖರೆ. ನೋಡಿದವರು ಭಾಳ ಮಂದಿ. ಆದರ ಖೂನಿ ಆದ ಹೊತ್ತಿಗೆ, ಒಂಬತ್ತು ಹೊಡೆದ ಮ್ಯಾಲೆ, ಭೀಮು ನನ್ನ ಮಾಳಿಗಿ ಮ್ಯಾಲೆ ಇದ್ದ.

ಸಂಕಷ್ಟಿಗೆ ಚಂದ್ರನ್ನ ನೋಡಲಾರದೆ ನಾ ನೀರೂ ಮುಟ್ಟೂದಿಲ್ಲ, ನಿನಗ ಗೊತ್ತದ. ಕಣ್ಣು ಮಂಜಾದ ಮ್ಯಾಲೆ ಭೀಮೂನೇ ಪ್ರತಿ ಚತುರ್ಥಿಗೆ ಏಣಿ ಹಾಕಿ ಮಾಳಿಗಿ ಹತ್ತಿ ನನ್ನ ಪರವಾಗಿ ಚಂದ್ರನ್ನ ನೋಡ್ತಿದ್ದ. ಆವತ್ತು ಜಿಟಿಜಿಟಿ ಮಳಿ. ತಲಿ ತಿರುಗಿ ನಾ ಗ್ವಾಡಿ ಹಿಡಕೊಂಡು ನಿಂತಿದ್ದೆ. "ಬಂತೇನೋ ಭೀಮ್ಯಾ?" ಅಂದರ "ತಡಿ ಆಯಿ, ನಿಮ್ಮ ಗಣಪ್ಪ ಹಗ್ಗ ಕಟ್ಟಿ ಎಳಿಯಾಕ ಹತ್ಯಾನ" ಅಂತ ಚೇಷ್ಟಿ ಮಾಡ್ತಿದ್ದ. ಭಾಳ ಹೊತ್ತು ಮಳ್ಯಾಗೇ ಕೂತ. ಆಮ್ಯಾಲೆ ಪಂಚಾಂಗದ ಹೊತ್ತಿಗೆ ಸರಿಯಾಗಿ "ಬಂತು ಆಯಿ, ಬಂತು! ಕೈ ಮುಗಿ!" ಅಂತ ಕೂಗಿದ. ನಾ ನೈವೇದ್ಯ ಮಾಡಿ ಉಂಡೆ. ಅವನೂ ನನ್ನ ಕೂಡ ಉಂಡ. ಗುಡಿ ಘಂಟಿ ನಿಂತ ಮ್ಯಾಲೆ ಮನಿಗೆ ಹೋದ. ಹಿಂಗಿರೂವಾಗ ಅವ ಹರದಾರಿ ದೂರದ ಶೆಡ್ಡಿನಾಗ ಖೂನಿ ಹೆಂಗ ಮಾಡಿದ?

ಭೀಮೂನ ವಕೀಲ ಹರಿಶ್ಚಂದ್ರ ಬಂದು "ಬಾಯಿ, ಇಷ್ಟು ಕೋರ್ಟಿಗೆ ಬಂದು ಹೇಳ್ರಿ, ಸಾಕು" ಅಂದ. ನಾ ಆಗೂದಿಲ್ಲ ಅಂದೆ. ಯಾಕ ಅಂತ ನಿನಗೊಬ್ಬನಿಗೇ ಗೊತ್ತು. ಅಜ್ಜ ಹೊಲದ ಬಾಂದಿನ ಜಗಳದಾಗ ದೀಪ ಮುಟ್ಟಿ ಖರೇದಕ್ಕೇ ಆಣಿ ಮಾಡಿದ, ವರ್ಷ ತುಂಬೂದ್ರಾಗ ಮನಿಯ ಇಬ್ಬರು ಗಂಡಸರು ಹೋದರು. ಅಪ್ಪ ಸಾಯೂ ಮುಂದ ನಮ್ಮಿಬ್ಬರ ಕೈ ಹಿಡಿದು ಏನಂದ, ನೆನಪದ ಅಲ್ಲ? ಖರೇದಕ್ಕೂ ಬ್ಯಾಡ, ಸುಳ್ಳಿಗೂ ಬ್ಯಾಡ, ದೇವರ ಆಣಿ ಈ ಮನ್ಯಾಗ ಬ್ಯಾಡ. ನಾ ಆಣಿ ಮಾಡಿದರ ಉಳಿದ ಗಂಡಸರು ಯಾರು? ನೀನು, ಸಾತ್ವಿಕ. ನನ್ನಿಂದ ಆಗೂದಿಲ್ಲ. ಪೊಲೀಸರ ಮುಂದ ಬಾಯಿ ಬಿಟ್ಟರೂ ಕಡೀಕ ಆಣಿಗೇ ಕರೀತಾರ ಅಂತ ಅವರಿಗೂ ಹೇಳಲಿಲ್ಲ.

ಅದಕ್ಕ ದೇವರೇ ನಿನ್ನನ್ನ ಆ ಕುರ್ಚಿ ಮ್ಯಾಲೆ ಕೂಡ್ರಿಸ್ಯಾನ ಅನ್ನಿಸ್ತು. ನಿನ್ನ ಮುಂದ ನಾ ಆಣಿ ಮಾಡೂದು ಏನದ? ನಾ ಸುಳ್ಳು ಹೇಳೂದಿಲ್ಲ ಅಂತ ನಿನಗ ಗೊತ್ತೇ ಅದ. ಭೀಮೂನ್ನ ಬಿಡು.

ಅಕ್ಕ
ರಂಗೂಬಾಯಿ


ರಾಂಜಣಗಾಂವ
2 ಏಪ್ರಿಲ್ 2002

ದಿಗಂಬರಾ,

ಪತ್ರ ಮುಟ್ಟಿತೋ ಇಲ್ಲೋ? ಚಂದಮ್ಮ ಅಳಕೋತ ಬಂದಾಳ. ನಮ್ಮ ಮಾತಿನ ಸಾಹೇಬ ಏನೋ ಒಂದು ಕಾಗದ ಓದಿಸಿ, ಎದ್ದು ಒಳಗ ಹೋಗಿಬಿಟ್ಟ, ಕೇಸು ಬೇರೆ ಕೋಣ್ಯಾಗ ಬೇರೆ ಸಾಹೇಬನ ಮುಂದ ಹೋತು ಅಂತಾಳ. "ನನ್ನ ಮಗ ಏನು ತಪ್ಪು ಮಾತಾಡಿದ್ನೋ ಯವ್ವಾ, ಸಾಹೇಬ್ಗ ಸಿಟ್ಟು ಬಂತು" ಅಂತ ನನ್ನ ಕೇಳ್ತಾಳ. ನಾ ಏನು ಹೇಳಲಿ? ಯಾವ ಕಾಗದ ಅದು?

ರಂಗೂಬಾಯಿ


ಪುಣೆ
20 ಏಪ್ರಿಲ್ 2002

ಅಕ್ಕನಿಗೆ ನಮಸ್ಕಾರಗಳು.

ಅದು ನಿನ್ನದೇ ಪತ್ರ. ವಿಚಾರಣೆ ನಡೆಯುತ್ತಿರುವಾಗ ನ್ಯಾಯಾಧೀಶನ ಕಿವಿಗೆ ಒಂದು ಕಡೆಯವರಿಂದ ಗುಟ್ಟಾಗಿ ಮಾತು ಬಿದ್ದರೆ ಅದನ್ನು ಎರಡೂ ಕಡೆಯವರ ಎದುರು ಇಡಬೇಕು. ಇಟ್ಟೆ. ಬರೆದವರು ನನ್ನ ಅಕ್ಕ ಎಂದೂ ಹೇಳಿದೆ. ಆಮೇಲೆ ಆ ಪ್ರಕರಣವನ್ನು ನಾನು ಮುಟ್ಟುವಂತಿಲ್ಲ. ನೀನು ಬರೆದದ್ದನ್ನು ನಂಬಿದೆನೋ ಇಲ್ಲವೋ ಎನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ.

ನಿನಗೆ ಸಮನ್ಸ್ ಬರುತ್ತದೆ. ಹೋಗು. ಅದಕ್ಕಿಂತ ಹೆಚ್ಚು ಒಂದು ಮಾತನ್ನೂ ನಾನು ಬರೆಯಬಾರದು. ತೀರ್ಪು ಬರುವವರೆಗೆ ನನಗೆ ಬರೆಯಬೇಡ, ಮನೆಗೂ ಬರಬೇಡ.

ದಿಗಂಬರ


ರಾಂಜಣಗಾಂವ
25 ನವೆಂಬರ್ 2002

ದಿಗಂಬರಾ,

ತೀರ್ಪು ಬಂತು, ಅದಕ್ಕ ಬರೀತೀನಿ. ಜನ್ಮಠೇಪ. ಬದುಕಿರೂ ತನಕ ಜೇಲು. ಭೀಮೂಗ ಇನ್ನೂ ಮೀಸಿ ಕೂಡಿಲ್ಲ.

ಗಣೇಶ ಚೌತಿ ಆದ ಮ್ಯಾಲೆ ನಾ ಕಟಕಟಿ ಹತ್ತಿದ್ದೆ. ಸಾತ್ವಿಕನ್ನ ನೆನಸಿಕೊಂಡು, ಮನ್ಯಾಗ ದೀಪಕ್ಕ ಕೈಮುಗಿದು, ಏನಾದರೂ ನನಗೇ ಆಗಲಿ ಅಂತ ಬೇಡಿಕೊಂಡು ಹೋಗಿದ್ದೆ. ಅಲ್ಲಿ ಒಬ್ಬ ಗುಮಾಸ್ತ, ಬಾಯಾಗ ಅಡಿಕಿ ಇಟ್ಟಕೊಂಡೇ, "ಶಪಥ ಕೀ ಪ್ರತಿಜ್ಞಾ?" ಅಂತ ಮರಾಠಿಯಾಗ ಕೇಳಿದ. ತಿಳೀಲಿಲ್ಲ. "ದೇವರ ಹೆಸರಿನಾಗ ಹೇಳ್ತೀರೋ, ಸುಮ್ಮನ ಖರೇ ಹೇಳ್ತೀನಿ ಅಂತ ಹೇಳ್ತೀರೋ? ಯಾವದಾದರೂ ನಡೀತದ, ಲಗೂ ಹೇಳ್ರಿ" ಅಂದ.

ಯಾವದಾದರೂ ನಡೀತದಂತ, ದಿಗೂ. ದೇವರ ಆಣಿ ಬೇಕೇ ಅಂತಿಲ್ಲಂತ. ಸುಮ್ಮನ ಖರೇ ಹೇಳ್ತೀನಿ ಅಂದೆ. ವರ್ಷಾನುಗಟ್ಟಲೆ ನಿನ್ನ ಮನ್ಯಾಗ ನಿನ್ನ ಕರಿ ಕೋಟಿಗೆ ಇಸ್ತ್ರಿ ಮಾಡೀನಿ. ಇಷ್ಟು ಒಂದು ಮಾತು ನನಗ ಯಾರೂ ಹೇಳಲಿಲ್ಲ.

ಭೀಮು ನನ್ನ ಮಾಳಿಗಿ ಮ್ಯಾಲೆ ಇದ್ದ ಅಂತ ಎಲ್ಲಾ ಹೇಳಿದೆ. ಸರ್ಕಾರಿ ವಕೀಲ ಎದ್ದ. ನನ್ನ ಪತ್ರ ಎರಡು ಬೆರಳಿನಾಗ ಹಿಡಿದು, ಹೊಲಸು ಅರಿವಿ ಹಿಡಿದಂಗ, "ಇದು ನಿಮ್ಮ ಅಕ್ಷರ ಏನು?"

"ಹೌದ್ರಿ."

"'ಭೀಮೂನ್ನ ಬಿಡು' ಅಂತ ನಿಮ್ಮ ತಮ್ಮ ಜಡ್ಜರಿಗೆ ಹುಕುಂ ಮಾಡಿದವರು ನೀವೇ?"

"ಹುಕುಂ ಅಲ್ರಿ, ಕೇಳಿಕೊಂಡೆ."

"ಪೊಲೀಸರಿಗೆ ಹೇಳಲಿಲ್ಲ, ಕೋರ್ಟಿಗೆ ಬರಲಿಲ್ಲ. ಜಡ್ಜರು ತಮ್ಮಾ ಅಂತ ತಿಳಿದ ಕೂಡಲೆ ಇಷ್ಟೆಲ್ಲಾ ನೆನಪಾತು. ಭಾಳ ಛಲೋ ನೆನಪು ಬಾಯಿ ನಿಮ್ಮದು!"

ಮಂದಿ ನಕ್ಕರು. ಚಂದಮ್ಮ ಹಿಂದಿನ ಬಾಕಿನ ಮ್ಯಾಲೆ ಕೂತಿದ್ದಳು. ಮರಾಠಿ ಅಕಿಗೆ ಅಷ್ಟು ತಿಳಿಯೂದಿಲ್ಲ, ನಕ್ಕದ್ದು ತಿಳೀತು.

ಆಮ್ಯಾಲೆ ಅವ ಮೆತ್ತಗ ಕೇಳಿದ, "ಚಂದ್ರನ್ನ ನೀವು ನೋಡಿದ್ರೇನು?" ಕಣ್ಣು ಕಾಣೂದಿಲ್ರಿ, ಭೀಮು ನೋಡಿ ಹೇಳಿದ ಅಂದೆ. ಹವಾಮಾನದವರ ಕಾಗದ ತೆಗೆದು ಓದಿದ. ಆವತ್ತು ಸಂಜಿಯಿಂದ ಬೆಳಗಿನ ತನಕ ದಟ್ಟ ಮೋಡ, ಮಳಿ, ಈ ಭಾಗದಾಗ ಎಲ್ಲೂ ಆಕಾಶ ತೆರೆದಿಲ್ಲ. "ಹಂಗಾರ ಬಾಯಿ, ಆವತ್ತು ಯಾರೂ ಚಂದ್ರನ್ನ ನೋಡಿಲ್ಲ. ನೀವು ಹೇಳೂದು ಬೇರೆ ಯಾವದೋ ಚತುರ್ಥಿ. ಇಲ್ಲಾ, ಇಡೀ ಕಥಿನೇ ಕಟ್ಟಿದ್ದು."

ನಾ ಭೀಮೂನ ಕಡೆ ತಿರುಗಿದೆ. ಮಂಜುಮಂಜಾಗಿ ಕಂಡ. ತಲಿ ಕೆಳಗ ಹಾಕಿದ್ದ. ಆಗ ತಿಳೀತು ನೋಡು. ಮುದುಕಿ ಹಸಿದು ಬೀಳ್ತಾಳ ಅಂತ ಚಂದ್ರ ಬಂದಾನ ಅಂತ ಸುಳ್ಳು ಕೂಗಿದ್ದ ನನ್ನ ಕೂಸು. ಮೋಡದ ಬಾಯಾಗ ಚಂದ್ರನ್ನ ಇಟ್ಟು ನನಗ ಉಣಿಸಿದ್ದ. ಅದನ್ನ ಹೆಂಗ ಹೇಳಲಿ ಆ ಕೋರ್ಟಿನಾಗ? ಸುಳ್ಳು ಹೇಳಿದ, ಆದರ ನನ್ನ ಮಾಳಿಗಿ ಮ್ಯಾಲೇ ಕೂತು ಹೇಳಿದ ಅಂತ? ಹೇಳಿದೆ. ವಕೀಲ "ಸಾಕ್ಷಿ ಈಗ ಹೊಸ ಕಥಿ ಹೇಳಾಕ ಹತ್ತ್ಯಾರ, ಬರಕೊಳ್ರಿ" ಅಂದ.

ತೀರ್ಪಿನಾಗ ನನ್ನ ಮಾತು ನಂಬಾಕ ಆಗೂದಿಲ್ಲ ಅಂತ ಬರೆದಾರ. ವಾಚಮನ್‌ನ ಮಾತು ನಂಬ್ಯಾರ. ನಾ ಹರಿಶ್ಚಂದ್ರಗ ಕೇಳಿದೆ, ಆ ವಾಚಮನ್ ನಡುಗಿ ನೀರು ಬೇಡಿದ್ದನಲ್ಲ ಅಂತ. "ಬೇಡಿದ್ದ ಬಾಯಿ. ಆದರ ಆವಾಗ ಕೂತ ಸಾಹೇಬರು ಬೇರೆ. ಈ ಸಾಹೇಬರು ಅವನ ಮಾತು ಕಾಗದದ ಮ್ಯಾಲೆ ಓದ್ಯಾರ. ಕಾಗದಕ್ಕ ಬೆವರು ಬರೂದಿಲ್ಲ" ಅಂದ.

ಅದಕ್ಕ ಒಂದೇ ಮಾತು ಕೇಳ್ತೀನಿ. ಈಗ ಎಲ್ಲಾ ಮುಗಿದದ, ಕಾಯದೆ ಅಡ್ಡ ಬರೂದಿಲ್ಲ. ನನ್ನ ಪತ್ರ ಬರದಿದ್ದರ ನೀ ಏನು ಮಾಡ್ತಿದ್ದಿ? ಬಿಡ್ತಿದ್ದೆ, ಇಲ್ಲಾ ಬಿಡ್ತಿರಲಿಲ್ಲ, ಅಷ್ಟೇ ಬರಿ.

ರಂಗೂಬಾಯಿ


ಪುಣೆ
9 ಫೆಬ್ರವರಿ 2003

ಅಕ್ಕಾ,

ತಡವಾಯಿತು. ಮೂರು ಸಲ ಬರೆದು ಹರಿದೆ.

ಹರಿಶ್ಚಂದ್ರ ಹೈಕೋರ್ಟಿಗೆ ಮೇಲ್ಮನವಿ ಹಾಕಬೇಕು. ಬಡವರಿಗೆ ಅಲ್ಲಿ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಅವಧಿ ಮೀರಿದ್ದರೂ ತಡಕ್ಕೆ ಕಾರಣ ಕೊಟ್ಟು ಹಾಕಬಹುದು. ಚಂದಮ್ಮನಿಗೆ ತಿಳಿಸು.

ನನ್ನ ಸುದ್ದಿ. ಅಕ್ಕನ ಪತ್ರ ನ್ಯಾಯಾಧೀಶನ ಮನೆಗೆ ಬಂದದ್ದು ಹೇಗೆ, ಅದಕ್ಕೂ ಮೊದಲು ಏನೇನು ಮಾತಾಗಿತ್ತು ಎಂದು ಹೈಕೋರ್ಟಿನವರು ನನ್ನಿಂದ ವಿವರಣೆ ಕೇಳಿದರು. ಕೊಟ್ಟೆ. ಜನವರಿಯ ಪತ್ರವನ್ನೂ ಕೊಟ್ಟೆ. ಪ್ರಧಾನ ಜಿಲ್ಲಾ ನ್ಯಾಯಾಧೀಶರಾಗುವವರ ಹೆಸರುಗಳಲ್ಲಿ ಈ ಸಲ ನನ್ನ ಹೆಸರಿಲ್ಲ. ಯಾರ ಮೇಲೂ ದೂರಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ. ಸ್ವಯಂನಿವೃತ್ತಿಗೆ ಅರ್ಜಿ ಕೊಟ್ಟಿದ್ದೇನೆ.

ಮೊದಲು ಕೆಲಸಕ್ಕೆ ಸೇರಿದ ಊರಿನಲ್ಲಿ ಹಿರಿಯ ನ್ಯಾಯಾಧೀಶರೊಬ್ಬರು, ಊರಲ್ಲಿ ಯಾರ ಮದುವೆಯ ಊಟಕ್ಕೂ ಕೂರಬೇಡ ಎಂದಿದ್ದರು. ಕೂರಲಿಲ್ಲ. ಕ್ಷೌರಕ್ಕೂ ಪಕ್ಕದ ಊರಿಗೆ ಹೋಗುತ್ತಿದ್ದೆ, ಕುತ್ತಿಗೆಗೆ ಕತ್ತಿ ಹಿಡಿದವನು ನಾಳೆ ನನ್ನೆದುರು ನಿಲ್ಲಬಾರದಲ್ಲ ಎಂದು ಮುಕ್ತಾ ನಗುತ್ತಿದ್ದಳು. ಮೂರು ವರ್ಷಕ್ಕೊಂದು ಊರು. ಬಿಟ್ಟು ಹೊರಟಾಗ ಒಬ್ಬರೂ ಬಸ್ ನಿಲ್ದಾಣಕ್ಕೆ ಬರುತ್ತಿರಲಿಲ್ಲ, ಅದನ್ನೇ ಒಳ್ಳೆಯ ಹೆಸರು ಎಂದುಕೊಂಡಿದ್ದೆ. ಮನೆಯ ಬಾಗಿಲು ಹಾಕಿ ಹಾಕಿ, ಒಳಗಿದ್ದವರಿಗೂ ಹಾಕಿಬಿಟ್ಟೆ.

ಒಂದು ಮಾತು ನಿನಗೆ ಹೇಳಿರಲಿಲ್ಲ. ಅಧಿಕಾರ ವಹಿಸಿಕೊಂಡ ದಿನ ನಾನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಲಿಲ್ಲ. ಅಪ್ಪನ ಮಾತು ನೆನಪಿತ್ತು. ಸತ್ಯವಾಗಿ ನಡೆಯುತ್ತೇನೆ ಎಂದು ಪ್ರತಿಜ್ಞೆ ಮಾತ್ರ ಮಾಡಿದೆ. ಹಾಗೆ ಮಾಡಬಹುದು ಎಂದು ನಿನಗೆ ಹೇಳಬಹುದಿತ್ತು. ಕೋರ್ಟಿನ ಮಾತು ಮನೆಯಲ್ಲಿ ಬೇಡ ಎಂಬ ನಿಯಮ ನನ್ನದೇ.

ಕಣ್ಣಿಗೆ ತೋರಿಸಿಕೊ.

ನಿನ್ನ
ದಿಗಂಬರ


ರಾಂಜಣಗಾಂವ
3 ಮಾರ್ಚ್ 2003

ದಿಗೂ,

ನೀ ಎಲ್ಲಾ ಬರೆದಿ. ಮದುವಿ ಊಟ ಬರೆದಿ, ಕ್ಷೌರ ಬರೆದಿ, ನನ್ನ ಕಣ್ಣು ಬರೆದಿ. ನಾ ಕೇಳಿದ್ದೊಂದು ಬರೀಲಿಲ್ಲ.

ಪೂಜಾರಿ ಹೆಂಡತಿ ಕಡೆಯಿಂದ ಎರಡು ಸಲ ಓದಿಸಿದೆ, ಎಲ್ಲಾದರೂ ಬಿಟ್ಟಳೇನೋ ಅಂತ. ಇಲ್ಲ. ತಿಳೀತು. ಬಿಡ್ತಿರಲಿಲ್ಲ ಅಂತಿದ್ದರ ನೀ ಮೊದಲನೇ ಸಾಲಿನಾಗೇ ಬರೆದು ನನ್ನ ಎದಿ ಹಗುರ ಮಾಡ್ತಿದ್ದಿ. ಸುಳ್ಳು ಬರಿಯಾಕ ನಿನ್ನ ಕೈ ಏಳೂದಿಲ್ಲ. ಆ ಗುಣ ನಾನೇ ಕಲಿಸಿದ್ದು.

ಚಂದಮ್ಮಗ ಹೇಳಿದೆ. ನೀ ನನ್ನ ತಮ್ಮ ಅಂತ ಕೋರ್ಟಿನಾಗೇ ಅಕಿಗೆ ತಿಳಿದಿತ್ತು. ನನ್ನ ಪತ್ರ ಬರದಿದ್ದರ ಭೀಮು ಮನಿಗೆ ಬರ್ತಿದ್ದ, ಅದನ್ನ ಹೇಳಿದೆ. ಅಕಿ ಜ್ವಾಳ ಹಸನು ಮಾಡ್ತಿದ್ದಳು. ಮರ ಕೆಳಗಿಟ್ಟಳು. ಬೈಲಿ, ಹೊಡೀಲಿ ಅಂತ ನಾ ಕಾದೆ.

"ಯವ್ವಾ, ಸಾಹೇಬ ನಿನ್ನ ತಮ್ಮಾ ಅಂತ ಮೊದಲೇ ಗೊತ್ತಾಗಿದ್ದರ ನಾನೇ ನಿನ್ನ ಕಾಲು ಹಿಡಿದು ಆ ಪತ್ರ ಬರಸ್ತಿದ್ದೆ" ಅಂದಳು. ಮತ್ತ ಮರ ಎತ್ತಿಕೊಂಡಳು. ಜ್ವಾಳದಾಗ ಹಳ್ಳು ಇರಲಿಲ್ಲ, ಆದರೂ ಆರಿಸಿದಳು.

ಅದಾದ ಮ್ಯಾಲೆ ನನ್ನ ಹೊಸ್ತಿಲಿಗೆ ಬಂದಿಲ್ಲ.

ರಂಗೂಬಾಯಿ


ರಾಂಜಣಗಾಂವ
17 ಜುಲೈ 2003, ಸಂಕಷ್ಟಿ

ಯೆರವಡಾ ಜೇಲಿನಾಗ ಇರುವ ಭೀಮೂಗ,

ನಿಮ್ಮವ್ವ ಹೇಳಿ ಬರೆಸಿದ್ದು: ನಾ ಚಂದಾಗಿದ್ದೀನಿ, ಕೆಲಸ ಅದ, ಮೊಣಕಾಲು ನೋಯತಾವ. ಅಲ್ಲಿ ಅನ್ನ ಬಿಡಬ್ಯಾಡ. ಯಾರ ಕೂಡನೂ ಜಗಳಾ ಮಾಡಬ್ಯಾಡ, ನನಗ ಯಾರು ಏನಂದರೂ ಇನ್ನ ಕೊರಳಪಟ್ಟಿ ಹಿಡಿಯಾಕ ಹೋಗಬ್ಯಾಡ. ಮುಂದಿನ ತಿಂಗಳ ಭೇಟಿಗೆ ಬರ್ತೀನಿ.

ಇಲ್ಲಿಂದ ಮುಂದ ನನ್ನ ಮಾತು, ರಂಗೂಬಾಯಿದು. ನಿಮ್ಮವ್ವ ಇವತ್ತು ತಾನಾಗಿ ಹೊಸ್ತಿಲು ದಾಟಿ ಬಂದು "ಬರದು ಕೊಡು" ಅಂದಳು. ನಾಲ್ಕು ತಿಂಗಳಾದ ಮ್ಯಾಲೆ.

ನನ್ನ ಪತ್ರದಿಂದ ಏನಾತು ಅಂತ ವಕೀಲ ನಿನಗ ಹೇಳಿರಬೇಕು. ಹೇಳಿರದಿದ್ದರ ನಾ ಹೇಳ್ತೀನಿ. ನಿನ್ನ ಬಾಗಿಲು ತೆರೆಯೂದಿತ್ತು, ನಾ ಅಡ್ಡ ಬಂದು ನಿಂತೆ. ತಪ್ಪಾತು ಅಂತ ಬರೆದರ ಅದು ಭಾಳ ಸಣ್ಣ ಮಾತು.

ನನ್ನ ತಮ್ಮ ಬಂದಾನ. ನೌಕರಿ ಬಿಟ್ಟ. ಒಳಗ ನೆಲದ ಮ್ಯಾಲೆ ಕೂತು ನಿನ್ನ ಮೇಲ್ಮನವಿ ಸಲುವಾಗಿ ಹರಿಶ್ಚಂದ್ರಗ ಏನೇನೋ ಬರೆದು ಕೊಡಾಕ ಹತ್ಯಾನ. ಆಗ್ತದೇನು ಅಂದರ "ಗೊತ್ತಿಲ್ಲ ಅಕ್ಕಾ" ಅಂತಾನ. ನಿಮ್ಮವ್ವ ಅವನ ಮುಂದ ಒಂದು ತೆಂಗಿನಕಾಯಿ ಇಟ್ಟಳು. ಅವ ಎರಡೂ ಕೈಲೆ ತಗೊಂಡು ತೊಡಿ ಮ್ಯಾಲೆ ಇಟ್ಟುಕೊಂಡು ಕೂತ. ಒಡೆಯೂದು ಮರೆತಾನ.

ಭೀಮ್ಯಾ, ಆವತ್ತು ನೀ ಚಂದ್ರನ್ನ ಕಂಡ್ಯೋ ಇಲ್ಲೋ ನಾ ಕೇಳೂದಿಲ್ಲ. ಇವತ್ತೂ ಮೋಡ. ಗುಡಿಯಾಗ ಪಂಚಾಂಗ ನೋಡಿ, ಹೊತ್ತಾತು ಅಂತ ಎಲ್ಲಾರೂ ಕೈಮುಗಿದು ಉಣ್ಣಾಕ ಹೋದರು. ನಾ ಹೋಗಲಿಲ್ಲ. ನೀ ಮಾಳಿಗಿ ಮ್ಯಾಲಿಂದ ಬಂತು ಅಂತ ಕೂಗೂ ತನಕ ಚತುರ್ಥಿಗೆ ನನಗ ಊಟ ಇಲ್ಲ, ಉಂಡರ ಮರುದಿನ ಬೆಳಕು ಹರಿದ ಮ್ಯಾಲೇ.

ಏಣಿ ಗ್ವಾಡಿಗೇ ನಿಂತದ. ಮಳ್ಯಾಗ ತೊಯ್ದು ಕೊಳೀತದ, ಒಳಗಿಡು ಅಂತ ನಿಮ್ಮವ್ವ ಬೈತಾಳ. ಇಡೂದಿಲ್ಲ ಅಂದೀನಿ.

ನಿನ್ನ ಆಯಿ
ರಂಗೂಬಾಯಿ